ಓಡಿ ಬರುವವರಿಗೆ ಕಾಯುವ ದೋಣಿ

ಫೆಬ್ರವರಿ ೩೦, ೨೩೮೬
ತೇಲುಬೀದಿ, ನೇತ್ರಾವತಿ ಅಳಿವೆ

ನಮ್ಮ ಅಜ್ಜಂದಿರ ಅಜ್ಜಂದಿರಿಗೂ ಅಜ್ಜಿಯರ ಅಜ್ಜಿಯರಿಗೂ ಧೂಮಪ್ಪ ಸಾಲಿಯಾನನ ಸಾಷ್ಟಾಂಗ ನಮಸ್ಕಾರ.

ತಾರೀಕು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೇ ದಿನವೇ ಇರಲಿಲ್ಲವಂತೆ, ಪಾಪ. ನಾವು ಅದಕ್ಕೆ ನ್ಯಾಯ ಒದಗಿಸಿದ್ದೇವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ನಿಮ್ಮವೂ ನಮಗೆ ಹಾಗೆಯೇ ಕೇಳಿಸುತ್ತವೆ. ಅಂಥದ್ದೊಂದು ಮಾತಿನಿಂದಲೇ ಈ ಪತ್ರ ಹುಟ್ಟಿದ್ದು.

ನಾವಿರುವುದು ತೇಲುಬೀದಿಯಲ್ಲಿ. ಸಮುದ್ರ ಒಳಗೆ ಬಂದ ಮೇಲೆ ಮನೆ, ಅಂಗಡಿ, ಮಸೀದಿ, ಇಗರ್ಜಿ, ಭೂತದ ಗುಡಿ ಎಲ್ಲವನ್ನೂ ಹಲಗೆಗಳ ಮೇಲೆ ಕೂರಿಸಿ ಒಂದಕ್ಕೊಂದು ಕಟ್ಟಿದ ಊರು ಇದು. ಸಮುದ್ರದ ಭರತ ಏರಿದರೆ ಊರೂ ಏರುತ್ತದೆ. ಹುಣ್ಣಿಮೆಯಂದು ನಮ್ಮ ಗಂಜಿ ಬಟ್ಟಲಲ್ಲೂ ಅಲೆ ಏಳುತ್ತದೆ. ಮೀನು ಇನ್ನೂ ಸಿಗುತ್ತದೆ, ನೀವು ಚಿಂತಿಸಬೇಡಿ. ಶಾಲೆ ಇಲ್ಲಿದೆ, ಆಸ್ಪತ್ರೆ ಮಾತ್ರ ಆಚೆ ದಡದ ಗುಡ್ಡದ ಮೇಲಿದೆ. ನಡುವೆ ಕಡವು, ದೋಣಿಯಲ್ಲೇ ದಾಟಬೇಕು. ಬೆಳಿಗ್ಗೆ ಒಂದೇ ದೋಣಿ.

ಆ ದೋಣಿಯನ್ನು ಮೊದಲು ಇಸ್ಮಾಲಿ ಬ್ಯಾರಿಗಳೆಂಬ ಹಿರಿಯ ಅಂಬಿಗರೊಬ್ಬರು ನಡೆಸುತ್ತಿದ್ದರು. ಓಡಿ ಬರುವವರು ಕಂಡರೆ ಕಾಯಬೇಕೆಂಬುದು ಕಡವಿನ ಪದ್ಧತಿ. ಎಲ್ಲೂ ಬರೆದಿರಲಿಲ್ಲ. ಬ್ಯಾರಿಗಳು ಒಳ್ಳೆಯವರೇ. ಆದರೆ ಪರಿಚಯದ ಮುಖವಾದರೆ ಅದು ಮನೆಯಲ್ಲಿ ಇನ್ನೂ ತಲೆ ಬಾಚಿಕೊಳ್ಳುತ್ತಿದ್ದರೂ ಕಾಯುತ್ತಿದ್ದರು. ಒಮ್ಮೆ ಘಟ್ಟದ ಮೇಲಿನಿಂದ ಬಂದ ಹೆಂಗಸೊಬ್ಬಳು ಜ್ವರದ ಕೂಸನ್ನೆತ್ತಿಕೊಂಡು ಓಡಿ ಬಂದಳು. ಯಾರಿಗೂ ಗುರುತಿನವಳಲ್ಲ, ದೋಣಿ ಹೊರಟುಹೋಯಿತು. ಕೂಸು ಉಳಿಯಿತು, ಊರಿನ ಮರ್ಯಾದೆ ಉಳಿಯಲಿಲ್ಲ.

ಆಮೇಲೆ ಬ್ಯಾರಿಗಳು ಮುದುಕರಾಗಿ ತಾನೋಡ ಬಂತು. ಅಂಬಿಗನಿಲ್ಲದೆ ತಾನೇ ಓಡುವ ದೋಣಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅದರ ಜೊತೆ ಮೇಲಿನವರ ಆದೇಶವೂ ಬಂತು. ಹಳೆಯ ಕಾಲದ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದ: ಕಡವಿನ ಪದ್ಧತಿಗಳನ್ನು ‘ಕೋಡಿಫೈ’ ಮಾಡತಕ್ಕದ್ದು. ನಿಮ್ಮ ಮೊಮ್ಮಕ್ಕಳು ಅರಳು ಹುರಿದಂತೆ ಆಡುತ್ತಿದ್ದ ಆ ಭಾಷೆ ಈಗ ನಮ್ಮ ಬೀದಿಯಲ್ಲಿ ಯಾರಿಗೂ ಬಾರದು. ಕಡವಿನ ಅಧ್ಯಕ್ಷೆ ವಾರಿಜಕ್ಕ ನನ್ನನ್ನು ಕರೆದರು. ಊರ ಗುಡಿಯ ಗಂಟೆಗೆ ಸಿಗಡಿ ಕಟ್ಟಿದವನು ನಾನೇ ಎಂದು ಅವರಿಗೆ ಗೊತ್ತು. ಆದರೂ ಹಳೆಯ ಪದಕೋಶ ತಿರುವಿ ನೋಡಲು ಬರುವವನೂ ನಾನೊಬ್ಬನೇ.

“ಧೂಮ, ಇದರ ಅರ್ಥ ಎಂತ ನೋಡು. ತಮಾಷೆ ಬೇಡ.”

ತಮಾಷೆ ಮಾಡಲಿಲ್ಲ, ಹುಡುಕಿದೆ. ಅರ್ಥ ಇಷ್ಟೇ: ಅಲ್ಲಿ ಇಲ್ಲಿ ಚೆದುರಿದ ಕಟ್ಟಳೆಗಳನ್ನು, ಬಾಯಲ್ಲಿದ್ದ ರೂಢಿಗಳನ್ನು ಕ್ರಮವಾಗಿ ಒಂದೆಡೆ ಸೇರಿಸಿ ಎಲ್ಲರಿಗೂ ಅನ್ವಯಿಸುವಂತೆ ಬರೆದಿಡುವುದು. ಸಾವಿರದ ಎಂಟುನೂರರ ಆಸುಪಾಸಿನಲ್ಲಿ ಕಾನೂನಿನ ಗೊಂದಲದಿಂದ ರೋಸಿದ ಇಂಗ್ಲೆಂಡಿನವರು ಚಲಾವಣೆಗೆ ತಂದ ಪದ. ಅದರ ತಾಯಿ ‘ಕೋಡ್’, ಎಂದರೆ ಸಂಹಿತೆ. ಅಜ್ಜಿ ರೋಮಿನವಳು, ‘ಕೋಡೆಕ್ಸ್’. ಆ ಅಜ್ಜಿಯ ಹುಟ್ಟು ಕೇಳಿ: ಮರದ ಕಾಂಡ! ರೋಮನ್ನರು ಮರವನ್ನು ಸೀಳಿ ಹಲಗೆ ಮಾಡಿ, ಮೇಲೆ ಮೇಣ ಬಳಿದು, ಮೊನೆಯ ಕಡ್ಡಿಯಿಂದ ಗೀರಿ ಬರೆಯುತ್ತಿದ್ದರು. ಹಲಗೆಗಳನ್ನು ಒಟ್ಟಿಗೆ ಕಟ್ಟಿದರೆ ಅದು ಕೋಡೆಕ್ಸ್. ಮುಂದೆ ಚರ್ಮದ ಹಾಳೆಯ ಪುಸ್ತಕಕ್ಕೂ ಅದೇ ಹೆಸರು, ಕೊನೆಗೆ ಕಾನೂನಿನ ಪುಸ್ತಕಕ್ಕೂ. ಹಲಗೆಗಳನ್ನು ಕಟ್ಟಿದರೆ ಊರಾಗುವುದು ನಮಗೆ ಗೊತ್ತಿತ್ತು, ಕಾನೂನೂ ಆಗುತ್ತದೆಂದು ತಿಳಿದು ನಾನು ಎದ್ದು ನಿಂತು ಗೌರವ ಸಲ್ಲಿಸಿದೆ.

ವಾರಿಜಕ್ಕ ಘಟ್ಟದ ಹೆಂಗಸನ್ನು ಮರೆತಿರಲಿಲ್ಲ. ಹಾಗಾಗಿ ಬಹಳ ಯೋಚಿಸಿ ಬರೆದರು: ‘ಓಡಿ ಬರುತ್ತಿರುವವರು ಕಂಡಲ್ಲಿ, ಅವರು ಯಾರೇ ಆಗಿರಲಿ, ದೋಣಿ ಕಾಯತಕ್ಕದ್ದು.’ ಅದನ್ನೇ ತಾನೋಡಕ್ಕೆ ಕಲಿಸಿದರು. ಊರು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಮನಸ್ಸಿನಿಂದಲೇ.

ನಮ್ಮ ಬೀದಿಯ ಮುದುಕರಾದ ಬೊನಿಫಾಸ್ ಪೊರ್ಬುಗಳು ಮಾತ್ರ ತಟ್ಟಲಿಲ್ಲ, ಅವರ ಒಂದು ಕೈಯಲ್ಲಿ ಊರುಗೋಲಿತ್ತು. ಅವರ ಹೆಂಡತಿ ಸಿಲ್ವೆಸ್ತ್ರಿನಾ ಬಾಯಿ ಗುಡ್ಡದ ಆಸ್ಪತ್ರೆಯಲ್ಲಿದ್ದಾರೆ. ನೆನಪು ಹೋಗಿದೆ. ಗಂಡ ಬಂದು ಚಮಚ ಹಿಡಿಯದಿದ್ದರೆ ಗಂಜಿಗೆ ಬಾಯಿ ತೆರೆಯುವುದಿಲ್ಲ. ಬ್ಯಾರಿಗಳು ಪೊರ್ಬುಗಳ ಕಪ್ಪು ಕೊಡೆ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಕಾಯುತ್ತಿದ್ದರು. ತಾನೋಡದ ಕಣ್ಣಿಗೆ ಕೊಡೆ ಕಂಡಿತು, ಓಟ ಕಾಣಲಿಲ್ಲ. ಹೊರಟೇಬಿಟ್ಟಿತು. ಆ ದಿನ ಸಿಲ್ವೆಸ್ತ್ರಿನಾ ಬಾಯಿ ಏನೂ ತಿನ್ನಲಿಲ್ಲವೆಂದು ಸಂಜೆ ಸುದ್ದಿ ಬಂತು. ಮರುದಿನವೂ ಅದೇ ಕತೆ.

“ಸ್ವಲ್ಪ ಓಡ್ಲಿಕ್ಕೆ ಆಗುದಿಲ್ವಾ ಪೊರ್ಬುಗಳೇ?” ಎಂದು ಯಾರೋ ಕೇಳಿದರು.

“ಅವಸರ ಇರುದು ನಂಗೆ ಮಾರಾಯ, ಕಾಲಿಗೆ ಅಲ್ಲ,” ಎಂದರು ಪೊರ್ಬುಗಳು.

ನಾನು ವಾರಿಜಕ್ಕನ ಮನೆಗೆ ಹೋಗಿ ಜಗಳಾಡಿದೆ. ಅವರ ಕಣ್ಣು ಕೆಂಪಾಗಿತ್ತು. “ತಿದ್ದಬೇಕಾದ್ರೆ ಮಳೆಗಾಲದ ಸಭೆ ಸೇರ್ಬೇಕು. ಇವತ್ತು ಪೊರ್ಬುಗಳಿಗೆ ಅಂತ ಮುರಿದ್ರೆ ನಾಳೆ ನನ್ನ ತಮ್ಮನಿಗೆ ಅಂತ ಮುರೀತೇನೆ. ಆಚೆ ದಿನ ಆ ಘಟ್ಟದ ಹೆಂಗಸು ಮತ್ತೆ ದಡದಲ್ಲೇ ಧೂಮ.” ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ.

ಹಾಗಾಗಿ ನಾನು ಕಾನೂನನ್ನು ಅತ್ಯಂತ ಭಕ್ತಿಯಿಂದ ಮತ್ತೊಮ್ಮೆ ಓದಿದೆ. ಓಡಿ ಬರುವವರಿಗೆ ಕಾಯತಕ್ಕದ್ದು ಎಂದಿದೆ. ಬಂದವರು ಹತ್ತತಕ್ಕದ್ದು ಎಂದಿಲ್ಲ.

ಮರುದಿನ ಬೆಳಿಗ್ಗೆ ದೋಣಿ ಹಗ್ಗ ಬಿಚ್ಚುವ ಹೊತ್ತಿಗೆ ನಾನು ಬೀದಿಯ ತುದಿಯಿಂದ ಓಡಿದೆ. ದೋಣಿ ಕಾಯಿತು. ಹತ್ತಿರ ಬಂದವನು ತಿರುಗಿ ಹೋಗಿ ಮತ್ತೆ ಓಡಿ ಬಂದೆ. ನನಗೆ ಏದುಸಿರು ಬಂದಾಗ ಮೀನಿನ ರತ್ನಕ್ಕ ಬುಟ್ಟಿ ಇಳಿಸಿ ಓಡಿದರು. ದೋಣಿಯಲ್ಲಿ ಕೂತಿದ್ದವರೂ ಒಬ್ಬೊಬ್ಬರೇ ಇಳಿದು ಓಡತೊಡಗಿದರು. ಹಲಗೆ ಬೀದಿ ಚಂಡೆಯಂತೆ ಮೊಳಗಿತು. ಕೊನೆಗೆ ವಾರಿಜಕ್ಕ ಬಂದರು. ನಿಂತು ನೋಡಿದರು. ಸೆರಗು ಸಿಕ್ಕಿಸಿಕೊಂಡು, ಅಧ್ಯಕ್ಷರಿಗೆ ತಕ್ಕ ಗಾಂಭೀರ್ಯದಿಂದ ಅವರೂ ಓಡಿದರು. ನಡುವೆ ಪೊರ್ಬುಗಳ ಕೊಡೆ ನಿಧಾನವಾಗಿ, ದೇವರ ಮೆರವಣಿಗೆಯಂತೆ, ಬಂತು.

“ಎಂತ, ಇವತ್ತು ಎಲ್ಲರಿಗೂ ಅವಸರವಾ?” ಎಂದು ಕೇಳಿ ಅವರು ದೋಣಿ ಹತ್ತಿದರು. ಸಂಜೆ ಸುದ್ದಿ ಬಂತು: ಸಿಲ್ವೆಸ್ತ್ರಿನಾ ಬಾಯಿ ಎರಡು ಬಟ್ಟಲು ಗಂಜಿ ತಿಂದರಂತೆ.

ಹಿರಿಯರೇ, ನೀವೂ ನಿಮ್ಮ ಕಾಲದಲ್ಲಿ ರೂಢಿಗಳನ್ನು ಬರೆದಿಡುತ್ತಿದ್ದೀರಿ. ಬರೆಯಿರಿ, ದಯವಿಟ್ಟು ಬರೆಯಿರಿ. ಬರೆಯದಿದ್ದರೆ ಗುರುತಿಲ್ಲದವರು ದಡದಲ್ಲೇ ಉಳಿಯುತ್ತಾರೆ. ಆದರೆ ನಮ್ಮೆಲ್ಲರ ಆ ರೋಮಿನ ಅಜ್ಜಿಯ ಮೈಮೇಲೆ ಮೇಣವಿತ್ತು. ತಪ್ಪಾದರೆ ಬಿಸಿ ತಾಕಿಸಿ ನಯಮಾಡಿ ಮತ್ತೆ ಬರೆಯಬಹುದಿತ್ತು. ನೀವು ಬರೆಯುವುದರಲ್ಲಿ ಒಂದು ಹೆಬ್ಬೆರಳಷ್ಟು ಮೇಣ ಬಿಡಿ. ಮಳೆಗಾಲದ ಸಭೆಯಲ್ಲಿ ನಮ್ಮ ವಾಕ್ಯವನ್ನು ತಿದ್ದಲಿದ್ದೇವೆ. ‘ಓಡಿ ಬರುತ್ತಿರುವವರು’ ಎಂಬಲ್ಲಿ ಏನು ಬರೆಯಬೇಕೆಂದು ಊರಿಗೆ ಊರೇ ತಲೆ ಕೆಡಿಸಿಕೊಂಡಿದೆ. ನಿಮಗೆ ಹೊಳೆದರೆ ತಿಳಿಸಿ.

ಇನ್ನೂ ಬರೆಯುವುದಿತ್ತು. ಆದರೆ ದೋಣಿ ಹಗ್ಗ ಬಿಚ್ಚುತ್ತಿದೆ, ತಿರುವಿನಲ್ಲಿ ಕಪ್ಪು ಕೊಡೆ ಕಂಡಿತು. ಇವತ್ತು ಮೊದಲ ಓಟ ನನ್ನದು.