ಅವ್ವನ ದನಿ

ಮನೋಳಿ
ರವಿವಾರ, ೨೧-೧೧-೧೯೭೬

ಪ್ರೀತಿಯ ಅಣ್ಣಾ,

ನಿನ್ನ ತಂಗಿ ಕೃಷ್ಣವ್ವನ ನಮಸ್ಕಾರ. ನೀನು, ವೈನಿ, ಮಕ್ಕಳು ಆರಾಮ ಇದ್ದೀರಾ? ಮುಂಬಯಿಯ ನೀರಿಗೆ ವೈನಿಯ ಹೊಟ್ಟೆನೋವು ಮತ್ತೆ ಎದ್ದಿದೆ ಎಂದು ನೀನು ಬರೆದಿದ್ದೆ, ಈಗ ಹೇಗಿದೆ? ಮಿಲ್ಲಿನ ಪಾಳಿ ಅಂತ ಊಟ ಬಿಡಬೇಡ. ಅಣ್ಣನಿಗೆ ಬುದ್ಧಿ ಹೇಳಬಾರದು, ಗೊತ್ತು. ಆದರೆ ಸಾಲಿ ಕಲಿಸುವವಳ ಬಾಯಿ ಸುಮ್ಮನಿರುವುದಿಲ್ಲ.

ಇನ್ನು ನನ್ನ ಸುದ್ದಿ. ಬೇಸಿಗೆಯಿಂದ ನನಗೆ ಚಳಿ ಬಿಟ್ಟಿಲ್ಲ. ಊರೆಲ್ಲ ಬಿಸಿಲಿಗೆ ಉಸ್ಸೆನ್ನುವಾಗ ನಾನು ಕಂಬಳಿ ಹೊದ್ದು ಕೂತಿದ್ದೆ. ಮುಖ ಬಾತಿದೆ, ಕೂದಲು ಉದುರುತ್ತಿದೆ, ರೊಟ್ಟಿ ಬಡಿಯುವಾಗ ಬೆರಳು ಜುಮ್ಮೆನ್ನುತ್ತವೆ. ಹೋದ ವಾರ ಹದಿಮೂರರ ಮಗ್ಗಿ ಹೇಳಿಸುತ್ತ ಅರ್ಧಕ್ಕೆ ನಿಂತುಬಿಟ್ಟೆ. ಮುಂದಿನದು ಹೊಳೆಯಲೇ ಇಲ್ಲ. ಮಕ್ಕಳು ನಗಲಿಲ್ಲ ಅಣ್ಣಾ, ಅಂಜಿದರು. ಎಲ್ಲಕ್ಕಿಂತ ಕೆಟ್ಟದ್ದು ನನ್ನ ದನಿ. ದಪ್ಪಗಾಗಿ, ಒಡೆದು, ಥೇಟ್ ಅವ್ವನ ಕೊನೆಯ ವರ್ಷದ ದನಿಯಾಗಿದೆ. ನಾನು ಹಿತ್ತಲಲ್ಲಿ ಎಮ್ಮೆಯನ್ನು ಕರೆದರೆ ನೆರೆಮನೆಯ ಗುರುಬಸವ್ವ ಕೊಡ ಅಲ್ಲೇ ಬಿಟ್ಟು ಒಳಗೆ ಓಡಿದಳು. "ಸತ್ತ ಮರೆವ್ವ ಮಗಳ ಮೈಯಾಗ ಬಂದು ಕುಂತಾಳ" ಎಂದು ಓಣಿಗೆಲ್ಲ ಹೇಳಿ, ಮರುದಿನ ತಾಯತ ತಂದು ಕಟ್ಟಿದಳು. ನಾನು ಬೇಡ ಅನ್ನಲಿಲ್ಲ. ಅಪ್ಪ ಹೊರಗೆ ಹೋದಾಗ ಖಾಲಿ ಮನೆಯಲ್ಲಿ ನನ್ನ ದನಿಗೆ ನಾನೇ ಹಿಂತಿರುಗಿ ನೋಡುತ್ತೇನೆ.

ತಾಯತ ಕಟ್ಟಿಕೊಂಡೇ ದವಾಖಾನೆಗಳಿಗೆ ಅಲೆದೆ. ಒಬ್ಬ ಡಾಕ್ಟರು ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ಕೊಟ್ಟರು. ಇನ್ನೊಬ್ಬರು ನನ್ನ ಮುಖ ಸಹ ನೋಡದೆ, ಮದುವೆ ಮಾಡಿರಿ, ಎಲ್ಲ ಹೋಗುತ್ತದೆ ಎಂದು ಅಪ್ಪನಿಗೆ ಹೇಳಿದರು. ಕಡೆಗೆ ಬೈಲಹೊಂಗಲಕ್ಕೆ ಹೊಸದಾಗಿ ಬಂದ ಹೆಣ್ಣು ಡಾಕ್ಟರು ಹಿಮ್ಮಡಕ್ಕೆ ಸಣ್ಣ ಸುತ್ತಿಗೆ ಬಡಿದು, ಪಾದ ನಿಧಾನ ಮರಳುವುದನ್ನು ನೋಡಿ, ಇದು ಥೈರಾಯ್ಡ್, ಕುತ್ತಿಗೆಯ ಗ್ರಂಥಿಯ ರೋಗ, ರಕ್ತ ಪರೀಕ್ಷೆ ಆಗಬೇಕು ಅಂದರು. ಅವ್ವ ಹೇಗೆ ತೀರಿಕೊಂಡಳೆಂದು ಕೇಳಿದರು. ಬಾತುಕೊಂಡು, ಚಳಿ ಚಳಿ ಎನ್ನುತ್ತ, ಹಗಲೆಲ್ಲ ನಿದ್ದೆ ಮಾಡುತ್ತ, ಒಂದು ದಿನ ಏಳಲೇ ಇಲ್ಲವೆಂದೆ. ಅವರಿಗೂ ಇದೇ ಇದ್ದೀತು, ಯಾರೂ ನೋಡಿಲ್ಲ ಅಂದರು. ಆ ಮಾತು ಕೇಳಿದಾಗಿನಿಂದ ನನಗೆ ನಿದ್ದೆ ಮಾಡಲು ಹೆದರಿಕೆ, ಆದರೆ ನಿದ್ದೆ ಬಿಡುವುದಿಲ್ಲ.

ಅವರ ಮಾತಿನ ಮೇಲೆ ದೊಡ್ಡ ದವಾಖಾನೆಗೆ ಹೋದರೆ ಅಲ್ಲಿನವರು, "ಕುತ್ತಿಗಿಗೆ ಗಂಟಽ ಇಲ್ಲ, ಥೈರಾಯ್ಡ್ ಎಲ್ಲಿಂದ ಬಂತು?" ಎಂದು ತಿರುಗಿ ಕಳಿಸಿದರು. ಪಾಪ, ಬೈಲಹೊಂಗಲದ ಡಾಕ್ಟರೇ ನನ್ನ ರಕ್ತ ತೆಗೆದು, ಮಂಜುಗಡ್ಡೆಯಲ್ಲಿಟ್ಟು, ಆ ಪರೀಕ್ಷೆ ಆಗುವ ಮುಂಬಯಿಗೆ ಗುರುತಿನವರ ಕೈಲಿ ಕಳಿಸಿದರು. ಮುಟ್ಟುವಷ್ಟರಲ್ಲಿ ಕೆಟ್ಟಿತಂತೆ. ಪರೀಕ್ಷೆಯಾಗದೆ ಗುಳಿಗೆ ಕೊಟ್ಟರೆ ಗುಂಡಿಗೆಗೆ ಅಪಾಯವಂತೆ. ಅಂದಮೇಲೆ ರಕ್ತದ ಜೊತೆ ನಾನೇ ಬರಬೇಕು. ಅಪ್ಪ ಮಾತ್ರ ಹೂಂ ಅನ್ನುತ್ತಿಲ್ಲ. ಮದುವೆಯಾಗದ ಹುಡುಗಿ, ದೂರದ ಊರು ಎನ್ನುತ್ತಾನೆ. ನೀನೇ ರಜೆ ಹಾಕಿ ಬಂದರೆ ಆ ಮಾತಿಗೆ ಜಾಗ ಇರುವುದಿಲ್ಲ.

ವೈನಿಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಮುದ್ದು.

ನಿನ್ನ ತಂಗಿ,
ಕೃಷ್ಣವ್ವ

ತಾ.ಕ.: ಏನು ಬರೆದೆ ಎಂದು ಅಪ್ಪ ಕೇಳಿದ, ಓದಿ ಹೇಳಿದೆ. "ಗುಳಿಗಿ ತಗೊಂಡ್ರ ಈ ದನಿ ಹೋಗತೈತೇನು?" ಅಂದ. ಹೌದೆಂದೆ. "ಹಂಗಾದ್ರ ಒಂದ್ಸಲ ನಿಮ್ಮವ್ವ ಕರದಂಗ ನನ್ನ ಉಣ್ಣಾಕ ಕರಿ" ಅಂದ. ಏಳ್ರಿ, ರೊಟ್ಟಿ ಆರಾಕ ಹತ್ಯಾವು ಎಂದು ಕರೆದೆ. ಅವ್ವ ಹೋದ ಮೇಲೆ ಅವನು ಹೊಟ್ಟೆತುಂಬ ಉಂಡದ್ದು ಇವತ್ತೇ. ಕೈ ತೊಳೆದು, ನಾಳೆಯೂ ಕರಿ ಅಂದ. ಕರೆಯುತ್ತೇನೆ ಅಂದುಬಿಟ್ಟೆ. ಹಾಗೆ ಅಂದವಳು ನಾನೋ ಅವ್ವನೋ ನನಗೆ ತಿಳಿಯಲಿಲ್ಲ. ಅಣ್ಣಾ, ಲಗೂನ ಬಾ. ನಾನು ಬರುವುದಿಲ್ಲ ಅಂದರೂ ಕೇಳಬೇಡ, ಕೈಹಿಡಿದು ಕರೆದುಕೊಂಡು ಹೋಗು.