ಬಲಗಡೆ ಬಾಗಿಲಿನ ಡೊಂಕು

ಭಾನುವಾರ, ಊಟದ ಪಾತ್ರೆ ತೊಳೆದಿಟ್ಟ ಮೇಲೆ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿರುವ ನನ್ನ ಮಗಳಿಗೆ,

ಅಮ್ಮನ ಆಶೀರ್ವಾದಗಳು. ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ನಿಮ್ಮಪ್ಪನೂ ಇದ್ದಾರೆ, ಹೇಗಿದ್ದಾರೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಲಾಗುವುದಿಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳೋಣವೆಂದರೆ ನೀನು, ಅಪ್ಪನ ವಿಷಯ ಎತ್ತಿದ್ರೆ ಇಟ್ಬಿಡ್ತೀನಿ ಅಂದೆ, ಇಟ್ಟೂಬಿಟ್ಟೆ. ಪತ್ರವನ್ನು ಹಾಗೆ ಇಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ನಿನಗೆ ಕುತೂಹಲ ಜಾಸ್ತಿ, ಪೂರ್ತಿ ಓದಿಯೇ ಹರಿಯುತ್ತೀಯ.

ಮೊದಲೇ ಹೇಳಿಬಿಡುತ್ತೇನೆ, ನಿನ್ನನ್ನು ವಾಪಸ್ ಕರೆಯಲು ಇದನ್ನು ಬರೆಯುತ್ತಿಲ್ಲ. ನೀನು ಆ ಲಿಫ್ಟ್ ಕಂಪನಿಯಲ್ಲಿ ಬಾಗಿಲು ಜೋಡಿಸಿಕೊಂಡು ಸುಖವಾಗಿರು. ವಿಷಯ ಇಷ್ಟೇ. ಈ ತಿಂಗಳ ಕೊನೆಗೆ ನಿಮ್ಮಪ್ಪ ವರ್ಕ್‌ಶಾಪಿಗೆ ಬೀಗ ಹಾಕುತ್ತಾರೆ. ಹಳೇ ಕಾರುಗಳ ಬಿಡಿಭಾಗ ಮಾಡಲೆಂದು ನಿನ್ನ ಅಜ್ಜ ಮನೆಯ ಹಿಂದೆ ಕಟ್ಟಿದ ಆ ತಗಡಿನ ಷೆಡ್ಡು ಖಾಲಿಯಾಗುತ್ತದೆ. ಲೋಹ ಕಡೆಯುವ ಲೇತನ್ನು ಮಾರುತ್ತಾರಂತೆ, ಮರದ ಅಚ್ಚುಗಳನ್ನು ಸೌದೆಗೆ ಕೊಡುತ್ತಾರಂತೆ. ಮನೆಮಗಳಿಗೆ ಸುದ್ದಿ ಮುಟ್ಟಿಸುವುದು ನನ್ನ ಕರ್ತವ್ಯ, ಮುಟ್ಟಿಸಿದ್ದೇನೆ. ಇನ್ನು ನೀನುಂಟು, ನಿನ್ನ ಲಿಫ್ಟುಂಟು.

ನಿವೃತ್ತಿ ಅಂದ್ರೆ ಹೇಗಿರತ್ತೆ ಅಂತ ಸ್ವಲ್ಪ ಅಭ್ಯಾಸ ಮಾಡಿ ನೋಡ್ತೀನಿ ಅಂತ ನಿಮ್ಮಪ್ಪ ಬೆಳಗಿನ ಹೊತ್ತು ಮನೆಯಲ್ಲೇ ಉಳಿಯಲು ಶುರುಮಾಡಿದರು. ಅಯ್ಯೋ, ಅವರ ಅಭ್ಯಾಸವೇ! ಕುರ್ಚಿಗಳ ಕಾಲು ಸಮ ಇಲ್ಲ ಅಂತ ಒಂದು ಕಾಲನ್ನು ಒಂದಿಷ್ಟು ಕೊಯ್ದರು, ಆಗ ಇನ್ನೊಂದು ಉದ್ದವಾಯಿತು, ಅದನ್ನೂ ಕೊಯ್ದರು. ಈಗ ನಾವು ಊಟಕ್ಕೆ ಕೂತರೆ ಗಲ್ಲ ಮೇಜಿಗೆ ತಾಗುತ್ತದೆ. ಬಚ್ಚಲುಮನೆಯ ಚಿಲಕ ಸಡಿಲವಾಗಿದೆ ಅಂತ ಲೇತಿನಲ್ಲಿ ಹೊಸದೊಂದನ್ನು ಕಡೆದು ತಂದು ಹಾಕಿದರು. ಅದು ಎಷ್ಟು ಕರಾರುವಾಕ್ಕಾಗಿ ಕೂತಿತೆಂದರೆ, ಹಾಕಿದ್ದನ್ನು ತೆಗೆಯಲು ಬರಲಿಲ್ಲ. ಒಳಗೆ ನಾನು. ಬಾಗಿಲು ಬಡಿದು ಬಡಿದು ಕೈ ಕೆಂಪಗಾಯಿತು. ಹೊರಗೆ ನಿಂತು ಈ ಮಹಾರಾಯರು ಹೆದರಬೇಡ ಅನ್ನಲಿಲ್ಲ, ನೋಡ್ದ್ಯಾ, ಎಂಥಾ ಫಿಟ್ಟಿಂಗು ಅಂದರು. ಕೊನೆಗೆ ಕಿಟಕಿಯ ಸರಳು ಕಿತ್ತು ನನ್ನನ್ನು ಹೊರಗೆ ತೆಗೆದರು. ಚಿಲಕಕ್ಕೆ ಏನೂ ಆಗಲಿಲ್ಲ ಅಂತ ಅವರಿಗೆ ಸಮಾಧಾನ.

ಲೇತು ಕೊಳ್ಳುವವನದು ಬೇರೆ ಕಥೆ. ಅವನು ಬಂದಾಗಲೆಲ್ಲ ಒಂದೊಂದು ನೆಪ. ಈಗ ತಾನೆ ಎಣ್ಣೆ ಹಾಕಿದೀನಿ, ಅದು ಇಳಿಯೋವರೆಗೆ ಅಲ್ಲಾಡಿಸಬಾರದು ಅಂದರು. ಇನ್ನೊಂದು ಸಲ, ಇವತ್ತು ತುಂಬಾ ಚಳಿ, ಅದಕ್ಕೆ ಆಗಲ್ಲ ಅಂದರು. ಅವನು ಲೇತು ಕೊಳ್ಳಲು ಬಂದವನು ಲೇತಿನ ಆರೋಗ್ಯ ವಿಚಾರಿಸಿಕೊಂಡು ಹೋಗುತ್ತಿದ್ದಾನೆ. ಆದರೆ ಎಷ್ಟು ದಿನ ಅಂತ ಕೇಳಿಕೊಂಡಿರುತ್ತಾನೆ? ಬರುವ ಶನಿವಾರ ಲಾರಿಯನ್ನೇ ತರುತ್ತೇನೆ ಅಂದಿದ್ದಾನೆ. ನಿಮ್ಮಪ್ಪ ಹೂಂ ಅಂದುಬಿಟ್ಟಿದ್ದಾರೆ.

ಈಗ ಆ ಕಾರಿನ ಬಾಗಿಲ ಹಿಡಿಯ ವಿಷಯ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಯಾಕೆಂದರೆ ನೀನು ನನಗೆ ಒಂದು ಹೇಳಿದೆ, ಅವರು ಇನ್ನೊಂದು ಹೇಳಿದರು, ನಾನು ನೋಡಿದ್ದು ಮೂರನೆಯದು.

ನಿನ್ನ ಅಜ್ಜ ಕೆಲಸ ಶುರುಮಾಡಿದಾಗ, ಆ ಹಳೇ ಕಾರಿನ ಬಲಗಡೆ ಬಾಗಿಲಿನ ಹಿಡಿ ಮಾಡಲು ಮಾದರಿಯಾಗಿ ಸಿಕ್ಕಿದ್ದು ಒಂದೇ ಒಂದು. ಅದರ ತುದಿ ಸ್ವಲ್ಪ ಹೊರಗೆ ಎದ್ದಿತ್ತು. ಮಾವನವರದು ಯಾವಾಗಲೂ ಒಂದೇ ಮಾತು, ಕೊಟ್ಟಿದ್ದನ್ನ ಕೊಟ್ಟ ಹಾಗೇ ಮಾಡು, ನಿನ್ನ ಬುದ್ಧಿ ಸೇರಿಸಬೇಡ. ಹಾಗಾಗಿ ಮರದ ಅಚ್ಚಿಗೂ ಡೊಂಕು ಬಂತು, ಅಚ್ಚು ಒತ್ತಿದ ಮರಳಿಗೂ ಬಂತು, ಅದರೊಳಗೆ ಎರೆದ ಹಿತ್ತಾಳೆಗೂ ಬಂತು. ಆ ಕಾರು ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ನಮ್ಮ ಡೊಂಕು ಹೋಗಿ ಕೂತಿತು. ಬಾಗಿಲು ತೆಗೆದು ಕೈಬಿಟ್ಟರೆ ಸಾಕು, ತುದಿ ಸೀದಾ ಅಂಗಿಯ ತೋಳಿನೊಳಗೆ ನುಗ್ಗುತ್ತದೆ. ಹಳೇ ಕಾರುಗಳ ಕ್ಲಬ್ಬಿನಲ್ಲಿ ಯಾರ ತೋಳು ನೋಡಿದರೂ ಹೊಲಿಗೆ. ಅದನ್ನೇ ಪದಕದ ಹಾಗೆ ಮೆರೆಸಿಕೊಂಡು ಓಡಾಡುತ್ತಾರೆ. ಕ್ಲಬ್ಬಿನ ಕಾರ್ಯದರ್ಶಿ, ಆ ಮೀಸೆಯವರು, ಮಳೆನೀರು ಜಾರಿ ಹೋಗಲೆಂದು ಕಾರಿನ ಕಂಪನಿಯವರು ಬೇಕೆಂದೇ ತುದಿ ಎತ್ತಿದ್ದಾರೆ ಅಂತ ಭಾಷಣವನ್ನೇ ಬಿಗಿದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಗಾದ್ರೆ ಎಡಗಡೆ ಬಾಗಿಲಿಗೆ ಮಳೆ ಬೀಳಲ್ವಾ ಅಂತ ಕೇಳಿದವಳು ನೀನೊಬ್ಬಳೇ.

ಕೇಳಿದ್ದು ಸರಿ. ಎಡಗಡೆ ಹಿಡಿಯನ್ನು ಕನ್ನಡಿಯ ಮುಂದೆ ಹಿಡಿದು ನೋಡಿ, ಅಜ್ಜನಿಗೆ ಸಿಕ್ಕ ಮಾದರಿ ಯಾವುದೋ ಗೇಟಿಗೆ ಗುದ್ದಿ ಬಾಗಿದ್ದು ಎಂದು ಕಂಡುಹಿಡಿದದ್ದೂ ಸರಿ. ಅಲ್ಲಿಗೆ ಬಿಟ್ಟು ಅಪ್ಪನ ಹತ್ತಿರ ಒಂದು ಮಾತು ಆಡಬಾರದಿತ್ತೇ? ಅವರಿಗೆ ಹೇಳದೆ ಕೇಳದೆ ಹೊಸ ಅಚ್ಚು ಕೆತ್ತಿ, ಒಂದು ಕಂತು ಪೂರ್ತಿ ನೆಟ್ಟಗೆ ಮಾಡಿ, ನನ್ನ ಕೈಯಲ್ಲೇ ಹಳೇ ಪೇಪರು ಸುತ್ತಿಸಿ ಕ್ಲಬ್ಬಿನವರಿಗೆ ಕಳಿಸಿಬಿಟ್ಟೆ. ಹೋದ ದಾರಿಯಲ್ಲೇ ಎಲ್ಲವೂ ವಾಪಸ್ ಬಂದವು. ನಕಲಿ ಮಾಲು, ನಿಮ್ಮ ಅಜ್ಜನ ಹೆಸರು ಕೆಡಿಸಬೇಡಿ ಅಂತ ಬೈಗುಳ ಬೇರೆ. ಹೊಸ ಹಿಡಿಯಿಂದ ಅಂಗಿ ಹರಿಯುತ್ತಿಲ್ಲ ಅಂತ ಒಬ್ಬರು ದೂರು ಬರೆದಿದ್ದರು.

ಆಮೇಲೆ ನಡೆದ ಯುದ್ಧಕ್ಕೆ ನಾನೇ ಸಾಕ್ಷಿ. ಅಜ್ಜನಿಗಿಂತ ನಿಂಗೆ ಜಾಸ್ತಿ ಗೊತ್ತಾ ಅಂತ ಅವರು. ಅಪ್ಪ ನೆಟ್ಟ ಆಲದ ಮರ ಅಂತ ನಾನು ನೇಣು ಹಾಕ್ಕೊಳಲ್ಲ ಅಂತ ನೀನು. ಹಾಗಾದ್ರೆ ಬೇರೆ ಮರ ನೋಡ್ಕೋ ಅಂತ ಅವರು. ನೀನು ಏಪ್ರನ್ ಬಿಚ್ಚಿ ಮೇಜಿನ ಮೇಲೆ ಸಾಮಾನು ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ, ಅದನ್ನು ಬಿಗಿಯಾಗಿ ತಿರುಗಿಸಿ ಹೊರಟೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಮನೆಯಲ್ಲಿ ಒಬ್ಬರಿದ್ದರೆ ಹೇಗೋ ಸಹಿಸಬಹುದು. ಇಬ್ಬರಿದ್ದರೆ ನಡುವೆ ಇರುವವಳು ಏನು ಮಾಡಬೇಕು, ನೀನೇ ಹೇಳು.

ಆ ಏಪ್ರನ್ ಇನ್ನೂ ಅಲ್ಲೇ ವೈಸಿನ ಬಾಯಲ್ಲಿದೆ ಕಣೇ. ನಿಮ್ಮಪ್ಪ ಅದನ್ನು ತೆಗೆದಿಲ್ಲ. ಏನಾದರೂ ಹಿಡಿದು ಉಜ್ಜಬೇಕೆಂದರೆ ಪಕ್ಕದ ಬೀದಿಯ ಗ್ಯಾರೇಜಿಗೆ ಹೋಗಿ ಅವರ ವೈಸಿನಲ್ಲಿ ಕೆಲಸ ಮಾಡಿಕೊಂಡು ಬರುತ್ತಾರೆ. ಯಾಕ್ರೀ ಅಂದರೆ, ನಮ್ಮದು ಜಾಮ್ ಆಗಿದೆ ಅನ್ನುತ್ತಾರೆ. ಬಚ್ಚಲಿನ ಚಿಲಕವನ್ನು ಅಷ್ಟು ಚೆನ್ನಾಗಿ ಕಡೆದವರಿಗೆ ಒಂದು ವೈಸು ಬಿಚ್ಚಲು ಬರುವುದಿಲ್ಲವಂತೆ, ನಾನು ನಂಬಬೇಕಂತೆ.

ಇನ್ನು ಮುಂದಿನದು ನಿನಗೆ ಹೇಳಬಾರದೆಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಹೇಳಬಾರದು ಅಂದಿದ್ದಾರೆ, ಬರೆಯಬಾರದು ಅಂದಿಲ್ಲ.

ಹೋದ ವಾರ ಒಬ್ಬರು ಹಲ್ಲಿನ ಡಾಕ್ಟರಮ್ಮ ಬಂದಿದ್ದರು. ವಯಸ್ಸಾದವರು, ಹಲ್ಲು ಕೀಳುವುದನ್ನು ಬಿಟ್ಟು ಬಹಳ ಕಾಲವಾಗಿದೆ, ಆದರೂ ಮಾತಾಡುವಾಗ ನಮ್ಮ ಕಣ್ಣು ನೋಡುವುದಿಲ್ಲ, ಬಾಯಿಯೊಳಗೇ ನೋಡುತ್ತಾರೆ. ಅವರ ಹತ್ತಿರ ಅದೇ ಕಾರಿದೆ. ಹೊಸದಾಗಿ ಕೊಂಡವರು ಅವರೇ. ಬೇರೆಯವರಿಗೆ ಓಡಿಸಲು ಕೊಟ್ಟಿಲ್ಲ, ಯಾವ ಭಾಗವನ್ನೂ ಬದಲಾಯಿಸಿಲ್ಲ, ಷೆಡ್ಡಿನಲ್ಲಿಟ್ಟು ಮಗುವಿನ ಹಾಗೆ ಸಾಕಿದ್ದಾರೆ. ಈಗ ಹಿಂದಿನ ದೀಪದ ಸುತ್ತಲಿನ ಪಟ್ಟಿ ಸೀಳಿದೆ, ಬಂದು ಅಳತೆ ತಗೊಳ್ಳಿ ಅಂದರು. ನಾನು ನಿವೃತ್ತಿ ಅಮ್ಮಾ ಅಂದರು ನಿಮ್ಮಪ್ಪ. ನಾನೂ ನಿವೃತ್ತೀನೇ, ಆದ್ರೂ ನಿಮ್ಮ ಹಿಂದಿನ ಹಲ್ಲೊಂದು ಹಾಳಾಗಿರೋದು ಕಾಣಿಸ್ತಾ ಇದೆ ನೋಡಿ ಅಂದರು ಡಾಕ್ಟರಮ್ಮ. ನಿಮ್ಮಪ್ಪ ತಟ್ಟನೆ ಬಾಯಿ ಮುಚ್ಚಿಕೊಂಡು ಟೇಪು ಹುಡುಕಿದರು. ಟಾರ್ಚು ಹಿಡಿಯಲು ನಾನೂ ಹೋದೆ.

ಡಾಕ್ಟರಮ್ಮ ಮುಸುಕು ಎಳೆದರು. ನಿಮ್ಮಪ್ಪ ಅಭ್ಯಾಸಬಲದಿಂದ ತೋಳು ಮೊಣಕೈವರೆಗೆ ಮಡಚಿಕೊಂಡು ಬಲಗಡೆ ಬಾಗಿಲು ತೆಗೆದರು. ಬಗ್ಗಿ ಹಿಡಿಯನ್ನು ನೋಡಿದರು. ಮಡಚಿದ ತೋಳನ್ನು ನಿಧಾನವಾಗಿ ಇಳಿಸಿದರು, ಬಾಗಿಲು ಹಾಕಿದರು, ಮತ್ತೆ ತೆಗೆದರು. ಸಿಕ್ಕಿಕೊಳ್ಳಲಿಲ್ಲ. ಬೇಕೆಂದೇ ತೋಳನ್ನು ಹಿಡಿಗೆ ತಾಗಿಸಿ ತೆಗೆದರು. ಊಹೂಂ. ತುದಿಯ ಮೇಲೆ ಹೆಬ್ಬೆರಳು ಆಡಿಸಿದರು, ನೆಟ್ಟಗೆ, ಥೇಟ್ ನೀನು ಮಾಡಿದ ಹಾಗೇ. ರೀ, ದೀಪ ಹಿಂದ್ಗಡೆ ಇದೆ ಅಂತ ಡಾಕ್ಟರಮ್ಮ ಕೂಗುತ್ತಿದ್ದರು. ಇವರಿಗೆ ಕೇಳಿಸಲೇ ಇಲ್ಲ. ಅಪ್ಪ ಮಗ ಇಬ್ಬರೂ ಜೀವಮಾನವೆಲ್ಲ ದೇವರೆಂದು ನಂಬಿಕೊಂಡ ಡೊಂಕು ಅದು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ, ಅವಳಿಗೆ ಹೇಳ್ಬೇಡ ಅಂದರು, ಅಷ್ಟೇ. ಪಾಪ ಅನ್ನಿಸಿತು. ಬೈಯಬೇಕೆಂದು ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಚಹಾ ಮಾಡಿಕೊಟ್ಟೆ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಮೀಸೆಯವರು ವಕ್ಕರಿಸಿದರು. ಡಾಕ್ಟರಮ್ಮನ ಕಾರನ್ನು ನೋಡಿಕೊಂಡು ಸೀದಾ ನಮ್ಮ ವರ್ಕ್‌ಶಾಪಿಗೆ ಬಂದಿದ್ದರು. ಆ ಕಾರೇ ಸರಿಯಿಲ್ಲವಂತೆ. ಯಾರೋ ಹಿಡಿ ಬದಲಾಯಿಸಿ ಡಾಕ್ಟರಮ್ಮನಿಗೆ ಟೋಪಿ ಹಾಕಿದ್ದಾರಂತೆ, ಅಸಲಿ ಅಂದರೆ ಡೊಂಕಿರಲೇಬೇಕಂತೆ. ಅಂಗಡಿ ಮುಚ್ಚೋಕೆ ಮುಂಚೆ ಒಂದು ಕಂತು ಅಸಲಿ ಹಿಡಿ ಮಾಡಿಟ್ಟುಬಿಡಿ, ನಿಮ್ಮ ಮಗಳ ನಕಲಿ ಮಾಲು ನಮಗೆ ಬೇಡ ಅಂದರು. ನಾನು ಲೋಟ ಹಿಡಿದು ಬಾಗಿಲಲ್ಲೇ ನಿಂತೆ. ನಿಮ್ಮಪ್ಪನ ಕಿವಿ ಕೆಂಪಗಾಗುವುದನ್ನು ನೀನೂ ನೋಡಿದ್ದೀಯ. ಎದ್ದು ನಿಂತರು. ನನ್ನ ಮಗಳು ಮಾಡಿದ್ದೇ ಅಸಲಿ, ಕೇಳಿಸ್ಕೊಳ್ಳಿ, ನಮ್ಮಪ್ಪ ನಾನು ಇಷ್ಟು ಕಾಲ ಮಾಡಿದ್ದು ಗೇಟಿಗೆ ಗುದ್ದಿದ ಹಿಡಿ ಅಂದರು. ಇನ್ಮೇಲೆ ಈ ವರ್ಕ್‌ಶಾಪಿಂದ ಹೊರಗೆ ಹೋಗೋದು ನೆಟ್ಟಗಿರೋದೇ, ಡೊಂಕೇ ಬೇಕಾದ್ರೆ ತಗೊಂಡು ಹೋಗಿ ನಿಮ್ಮ ಗೇಟಿಗೆ ನೀವೇ ಗುದ್ಕೊಳ್ಳಿ ಅಂದರು.

ಮೀಸೆಯವರು ಧುಮುಗುಟ್ಟುತ್ತಾ ಹೋಗಿ ತಮ್ಮ ಕಾರಿನ ಬಾಗಿಲು ಎಳೆದರು. ಹೊಸ ಕೋಟು. ಚರ್ ಅಂತ ಸದ್ದು ಷೆಡ್ಡಿನವರೆಗೂ ಕೇಳಿಸಿತು. ನಾನು ನಗಬಾರದು ಅಂತ ಲೋಟದಲ್ಲಿದ್ದ ಚಹಾವನ್ನು ನಾನೇ ಕುಡಿದುಬಿಟ್ಟೆ.

ಅವರು ಹೋದ ಮೇಲೆ ನಿಮ್ಮಪ್ಪ ಬೆಂಚಿನ ಕೆಳಗಿನಿಂದ ಒಂದು ಗಂಟು ತೆಗೆದರು. ಏನಿತ್ತು ಹೇಳು? ನೀನು ಮಾಡಿದ ಹಿಡಿಗಳು! ಕರಗಿಸಿ ಹಾಕಿದೆ ಅಂತ ನಮಗೆಲ್ಲ ಹೇಳಿದ್ದರಲ್ಲ, ತಮ್ಮ ಹಳೇ ಸ್ವೆಟರಿನಲ್ಲಿ ಸುತ್ತಿಟ್ಟಿದ್ದರು. ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದರು. ಕೊನೆಗೆ, ಪಾಲಿಶ್ ಇನ್ನೊಂಚೂರು ಬೇಕಿತ್ತು ಅಂದರು. ಎಷ್ಟು ಹುಡುಕಿದರೂ ತಪ್ಪು ಸಿಗದಿದ್ದರೆ ಅವರು ಪಾಲಿಶಿಗೆ ಬರುತ್ತಾರೆ, ನಿನಗೆ ಗೊತ್ತೇ ಇದೆ.

ಹಾಗಿದ್ರೆ ಅವಳನ್ನ ಕರೀರಿ ಅಂದೆ. ಅವಳಿಗೆ ಒಳ್ಳೇ ಕೆಲಸ ಸಿಕ್ಕಿದೆ, ಯಾವ ಮುಖ ಇಟ್ಕೊಂಡು ಕರೀಲಿ ಅಂದರು. ಇರೋದು ಒಂದೇ ಮುಖ, ಅದನ್ನೇ ಇಟ್ಕೊಂಡು ಕರೀರಿ ಅಂದೆ. ಕಣ್ಣು ಮೊದಲಿನ ಹಾಗಿಲ್ಲ, ಅವಳು ಮಾಡಿದಷ್ಟು ನೆಟ್ಟಗೆ ಹಿಡಿ ನನ್ನಿಂದ ಮಾಡೋಕಾಗಲ್ಲ, ಲಾರಿ ಬರಲಿ ಬಿಡು ಅಂತ ಗೋಡೆ ಕಡೆ ತಿರುಗಿ ಕೂತರು. ಇತ್ತ ಫೋನು ಮಾತ್ರ ಬಡಿದುಕೊಳ್ಳುತ್ತಲೇ ಇದೆ. ತೋಳು ಹೊಲಿದು ಹೊಲಿದು ಸಾಕಾದ ಕ್ಲಬ್ಬಿನ ಹೆಂಡತಿಯರು, ನೆಟ್ಟಗಿನ ಹಿಡಿ ಇದ್ರೆ ಕಳಿಸಿ, ನಮ್ಮವರಿಗೆ ಹೇಳ್ಬೇಡಿ ಅನ್ನುತ್ತಿದ್ದಾರೆ. ಮೊದಲು ಫೋನ್ ಮಾಡಿದವರು ಮೀಸೆಯವರ ಹೆಂಡತಿ.

ಇದಿಷ್ಟೂ ಸುದ್ದಿ. ನಾನು ಕರೆಯುತ್ತಿಲ್ಲ ಅಂತ ಮೊದಲೇ ಹೇಳಿದ್ದೇನೆ. ಶುಕ್ರವಾರ ಸಂಜೆ ನಿನ್ನ ಊರಿನಿಂದ ಹೊರಡುವ ಬಸ್ಸು ಶನಿವಾರ ಬೆಳಕು ಹರಿಯುವಾಗ ಇಲ್ಲಿರುತ್ತದೆ, ಲಾರಿ ಬರುವುದು ಆಮೇಲೆ, ಸುಮ್ಮನೆ ತಿಳಿದಿರಲಿ ಅಂತ ಬರೆದೆ. ನೀನು ಹೋದ ಮೇಲೆ ಷೆಡ್ಡಿನ ಸದ್ದು ಅರ್ಧವಾಗಿದೆ. ಆ ಸದ್ದಿಗೆ ಇಷ್ಟು ವರ್ಷ ತಲೆನೋವು ಅಂತ ಗೊಣಗಿದವಳು ನಾನೇ, ಈಗ ಸದ್ದಿಲ್ಲದೆ ತಲೆನೋವು. ಮನೆ ಬಿಕೋ ಅನ್ನುತ್ತದೆ. ನನಗೆ ನೀನು ಬೇಕು ಕಣೇ.

ಮಂಡಿನೋವು, ಆದ್ದರಿಂದ ಇದನ್ನು ಅಂಚೆಗೆ ಹಾಕಲು ನಿಮ್ಮಪ್ಪನ ಕೈಗೇ ಕೊಡುತ್ತಿದ್ದೇನೆ. ಹೆದರಬೇಡ, ಲಕೋಟೆಯನ್ನು ಗೋಂದು ಹಾಕಿ ಭದ್ರವಾಗಿ ಅಂಟಿಸುತ್ತೇನೆ, ಅವರಿಗೆ ಒಂದಕ್ಷರವೂ ಗೊತ್ತಾಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಬ್ಬರು ಹಟಮಾರಿಗಳ ನಡುವೆ ಸಿಕ್ಕಿರುವ,
ನಿನ್ನ ಅಮ್ಮ

ವಿ.ಸೂ.: ಇದು ಅಪ್ಪನ ಕೈಬರಹ. ಲಕೋಟೆಗೆ ಗೋಂದು ಹಾಕಿರಲಿಲ್ಲ. ಬಾಯಿ ಪೂರ್ತಿ ತೆರೆದಿಟ್ಟು ನನ್ನ ಕೈಗೆ ಕೊಟ್ಟು, ಕನ್ನಡಕವನ್ನೂ ನಿಮ್ಮಮ್ಮನೇ ತಂದುಕೊಟ್ಟಳು. ಕುರ್ಚಿಯ ವಿಷಯ ಹೆಚ್ಚಿಸಿ ಬರೆದಿದ್ದಾಳೆ, ಮೇಜು ತಾಗುವುದು ಗಲ್ಲಕ್ಕಲ್ಲ, ಕತ್ತಿಗೆ. ಚಿಲಕದ ಫಿಟ್ಟಿಂಗು ನಿಜವಾಗಿಯೂ ಚೆನ್ನಾಗಿತ್ತು. ಲಾರಿ ತರಬೇಡ ಎಂದು ಲೇತಿನವನಿಗೆ ಫೋನ್ ಮಾಡಿ ಹೇಳಿದ್ದೇನೆ. ತಿಂಗಳ ಕೊನೆಗೆ ನಿವೃತ್ತಿಯಾಗುವುದು ನಾನು, ವರ್ಕ್‌ಶಾಪಲ್ಲ. ವೈಸು ಇನ್ನೂ ಜಾಮ್ ಆಗಿಯೇ ಇದೆ, ಬಿಗಿದವರೇ ಬಂದು ಬಿಚ್ಚಬೇಕು. ನೀನು ಮಾಡಿದ ಹಿಡಿಗಳಲ್ಲಿ ಒಂದನ್ನು ಷೆಡ್ಡಿನ ಬಾಗಿಲಿಗೆ ಹಾಕಿದ್ದೇನೆ. ಬರುವಾಗ ಧೈರ್ಯವಾಗಿ ಉದ್ದ ತೋಳಿನ ಅಂಗಿ ಹಾಕಿಕೊಂಡು ಬಾ.