ಬದುಕಿದವನ ಹಾಜರಿ

ಗುಲಬರ್ಗಾ
೩ ಡಿಸೆಂಬರ್ ೧೯೮೬, ಬುಧವಾರ

ಯಡ್ರಾಮಿಯ ಪೀರಪ್ಪನಿಗೆ ಕರಜಗಿಯ ದೌಲತರಾಯನ ಶರಣು.

ನನ್ನ ಕೈಗೆ ಪೆನ್ನು ಹಿಡಿಸಿದೆಯಲ್ಲ, ನಿನ್ನ ಹಟಕ್ಕೆ ಬೆಂಕಿ ಬೀಳಲಿ. ನಿಜಾಮನ ಕಾಲದ ಉರ್ದು ಸಾಲೆಯನ್ನು ನಾಲ್ಕನೆಯ ಇಯತ್ತೆಗೆ ಬಿಟ್ಟು ಎಮ್ಮೆ ಕಾಯಲು ಹೋದವನು ನಾನು. ಕನ್ನಡದ ಅಕ್ಷರವನ್ನು ಬ್ಯಾರಕಿನಲ್ಲಿ ನೀನೇ ಕಲಿಸಿದ್ದು, ಅದೂ ಬೈದು ಬೈದು. ಬಾಯಿಂದ ಹೇಳುವಂತಿದ್ದರೆ ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ಹೋದ ವಾರ ನಿನ್ನ ಪಡಸಾಲೆಯಲ್ಲಿ, ನೀನು ಚಿಲಕ ಹಾಕಿಕೊಂಡು ಕೂತ ಆ ಕೋಣೆಯ ಮುಂದೆ, ಹೊತ್ತು ಮುಳುಗುವವರೆಗೆ ಕೂಗಿದೆ. ಒಳಗೆ ಕೆಮ್ಮಿದ್ದು ಕೇಳಿಸಿತು. ಕೆಮ್ಮಲು ಬರುವವನಿಗೆ ಚಿಲಕ ತೆಗೆಯಲು ಬರುವುದಿಲ್ಲವೇ? ಅಲ್ಲಿ ಮಲಗಿದ್ದ ನಾಯಿ ಕೂಡ ನನ್ನ ದನಿಗೆ ಬೇಸತ್ತು ಎದ್ದು ಹೋಯಿತು.

ನಿನ್ನ ಹೆಂಡತಿ ಮಲ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನೀನು ಅಂದದ್ದನ್ನು ಹೇಳಿದಳು. "ನನ್ನ ಹಾಜರಿ ಆಗಿ ಹೋಗ್ಯದ. ಇನ್ನ ಯಾರಿಗಿ ಕದಾ ತೆಗಿಲಿ?" ಕಿಟಕಿಯಲ್ಲಿಟ್ಟ ರೊಟ್ಟಿ ಇಟ್ಟಲ್ಲೇ ಒಣಗುತ್ತದಂತೆ, ನೀರು ಮಾತ್ರ ಕುಡಿಯುತ್ತೀಯಂತೆ. ಆಕೆ ನನ್ನನ್ನು ಕೇಳಿದಳು, "ಅಣ್ಣಾ, ಹಿಂಗಾದ್ರ ಎಷ್ಟ ದಿನಾ ತಡೀತಾರ?" ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ.

ಬಸ್‌ಸ್ಟ್ಯಾಂಡಿನ ಮಂದಿ ನಕ್ಕೊಂತ ನಿನಗೆ ಮುಟ್ಟಿಸಿದ್ದನ್ನು ಬಿಡು. ಜೇವರ್ಗಿಯಲ್ಲಿ ಆದದ್ದನ್ನು ನನ್ನಿಂದ ಕೇಳು.

ನವೆಂಬರ್ ಇಪ್ಪತ್ತಕ್ಕೆ ವರ್ಷದಂತೆ ಶರಫುದ್ದೀನನ ಅಂಗಳದಲ್ಲಿ ಸೇರಿದೆವು. ಆಳಂದದಿಂದ ಚಂದ್ರಾಮ ಬಂದ, ನಾನು ಬಂದೆ. ನಾಲ್ವರಲ್ಲಿ ನೀನೊಬ್ಬ ಇಲ್ಲ. ಕೊನೆಯ ಬಸ್ಸಿನವರೆಗೂ ಕಾದೆವು. ಶರಫುದ್ದೀನನ ಹೆಂಡತಿ ಪ್ಯಾರಿಬಿ ಚಹಾ ಮತ್ತೆ ಮತ್ತೆ ಬಿಸಿ ಮಾಡುತ್ತ, "ಪೀರಪ್ಪಣ್ಣ ಬರೂತನಾ ಯಾರೂ ಕಪ್ಪ ಮುಟ್ಟಬ್ಯಾಡ್ರಿ" ಅಂತ ನಮ್ಮನ್ನು ಗದರಿಸಿದಳು. ಕೊನೆಗೆ ನಾನು ಎದ್ದು ನಿಂತು ಲಡಾಯಿಯಲ್ಲಿ ಸತ್ತ ನಮ್ಮವರ ಹೆಸರು ಕೂಗಿದೆ. ಕೂಗುವವನು ನಾನು, ಯಾರು ಯಾರನ್ನು ಕೊನೆಗೆ ನೋಡಿದರೋ ಅವರು ಅವನ ಪರವಾಗಿ ಹಾಜರ್ ಅನ್ನಬೇಕು. ದತ್ತಪ್ಪ ಅಂದೆ. ಅದು ನಿನ್ನ ಪಾಲಿನ ಹೆಸರು. ಯಾರೂ ದನಿ ಎತ್ತಲಿಲ್ಲ. ಹೆಸರು ಖಾಲಿ ಹೋಗಬಾರದೆಂದು ಶರಫುದ್ದೀನ ನಿನ್ನ ಬದಲು ತಾನೇ ಹಾಜರ್ ಅಂದ. ಮಹಮ್ಮದ ಅಂದೆ, ಅದು ಶರಫುದ್ದೀನನದೇ ಪಾಲು, ಹಾಜರ್ ಅಂದ. ಚಂದ್ರಾಮನ ಪಾಲಿನವೂ ಮುಗಿದವು. ನನಗೆ ನಿನ್ನ ಮೇಲೆ ಸಿಟ್ಟು ಉಕ್ಕಿತ್ತು. ಓಣಿಯ ಕಡೆ ಮುಖ ಮಾಡಿ "ಪೀರಪ್ಪಾ" ಅಂತ ಒದರಿದೆ. ಶರಫುದ್ದೀನ ಕಣ್ಣು ಮುಚ್ಚಿಕೊಂಡೇ ನಿಂತಿದ್ದ. ಅದೇ ಓಟದಲ್ಲಿ ನಿನಗೂ ಹಾಜರ್ ಅಂದುಬಿಟ್ಟ.

ಪ್ಯಾರಿಬಿ "ಯಾ ಅಲ್ಲಾ, ಜೀವಂತ ಮನಶಾಗ?" ಅಂತ ಚೀರಿದಳು. ಚಂದ್ರಾಮ ನಗಲು ನೋಡಿದ. "ಬಿಡ್ರಿ ವೈನಿ, ಪೀರ್‍ಯಾಂದು ಆಯುಷ್ಯ ಹೆಚ್ಚಾಯ್ತು" ಅಂದ. ಶರಫುದ್ದೀನ ತನ್ನ ಬಾಯಿಗೆ ತಾನೇ ಹೊಡೆದುಕೊಂಡ, ನಾನು ಕೈ ಹಿಡಿಯುವವರೆಗೆ ಹೊಡೆದುಕೊಂಡ. ಆದದ್ದು ಇಷ್ಟೇ. ನಿನ್ನನ್ನು ಯಾರೂ ಸತ್ತವರ ಸಾಲಿಗೆ ಸೇರಿಸಲಿಲ್ಲ. ಸೇರಿಸಿಕೊಂಡು ಕೂತವನು ನೀನು.

ಈ ಹಾಜರಿಯನ್ನು ಶುರು ಮಾಡಿದವನು ಯಾರಲೇ? ಅರವತ್ತೆರಡರಲ್ಲಿ ಚೀನಾದವರು ಮೇಲಿನಿಂದ ಇಳಿದಾಗ ನಮ್ಮದು ಬೆಟ್ಟ ಕಡಿದು ರಸ್ತೆ ಮಾಡುವ ಪಲ್ಟನ್. ಈ ಸುಡು ನೆಲದವರು, ಹಿಮ ಅಂದರೇನು ಅಂತ ಅಲ್ಲಿಗೆ ಹೋಗಿ ನೋಡಿದವರು. ಕ್ಯಾನ್ವಾಸ್ ಬೂಟು, ಹತ್ತಿ ಅಂಗಿ. ಹಿಂದಕ್ಕೆ ಸರಿಯಿರಿ ಅಂದರು, ಎಲ್ಲಿಗೆ ಅಂತ ಯಾರೂ ಹೇಳಲಿಲ್ಲ. ಕಾಡಿನಲ್ಲಿ ಎಲೆ ತಿಂದು ಕೆಳಗೆ ಬಂದ ಮೇಲೆ ಸುಬೇದಾರರು ಹೆಸರು ಕರೆದರು. ಅಫಜಲಪುರದ ದತ್ತಪ್ಪನ ಹೆಸರು ಕರೆದಾಗ ಸುಮ್ಮನೆ ಗಾಳಿ ಬೀಸಿತು. ಅವರು ಇನ್ನೊಮ್ಮೆ ಕರೆದರು. ಮತ್ತೊಮ್ಮೆ ಕರೆಯುವಾಗ ಆ ಗಟ್ಟಿ ಮನುಷ್ಯನ ದನಿ ಒಡೆಯಿತು. ಆಗ ನೀನು ಒದರಿದೆ, ಹಾಜರ್ ಅಂತ. ದತ್ತಪ್ಪನನ್ನು ಹಳ್ಳದ ದಂಡೆಯಲ್ಲಿ, ಉಸಿರು ನಿಂತ ಮೇಲೂ ಕೈ ಬಿಡದೆ ಕೂತಿದ್ದವನು ನೀನೇ. ಸುಬೇದಾರರಿಗೆ ನಿನ್ನ ದನಿ ಗೊತ್ತಿತ್ತು. ಆದರೂ ತಲೆಯೆತ್ತದೆ ಮುಂದಿನ ಹೆಸರಿಗೆ ಹೋದರು. ಆಮೇಲೆ ಯಾವ ಹೆಸರೂ ಖಾಲಿ ಹೋಗಲಿಲ್ಲ.

ಅದನ್ನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ನಡೆಸಿಕೊಂಡು ಬಂದವರು ನಾವು. ಸರಕಾರ ನಡೆಸಲಿಲ್ಲ. ಎಪ್ಪತ್ತೊಂದರ ಗೆಲುವಿಗೆ ಧ್ವಜ ಇದೆ, ಬ್ಯಾಂಡ್ ಇದೆ. ಅರವತ್ತೆರಡು ಅಂದರೆ ಮಂದಿ ಮಾತು ತಿರುಗಿಸುತ್ತಾರೆ. ಹೋದ ಆಗಸ್ಟ್ ಹದಿನೈದರ ಸಭೆಯಲ್ಲಿ ಭಾಷಣದವನೊಬ್ಬ ನಿನ್ನನ್ನು ಯಾವ ಲಡಾಯಿ ಅಂತ ಕೇಳಿ, "ಅದು ಸೋತದ್ದಲ್ಲೇನ್ರಿ ಅಜ್ಜಾ" ಅಂದು, ನಿನಗೆ ಹಾಕಲು ತಂದ ಹಾರವನ್ನು ಪಕ್ಕದವನ ಕೊರಳಿಗೆ ಹಾಕಿದ. ಅಂದು ಮುದುಡಿದವನು ನೀನು ಮತ್ತೆ ನೆಟ್ಟಗಾಗಲಿಲ್ಲ, ಜೇವರ್ಗಿಗೆ ಬಾರದಿದ್ದದ್ದೂ ಅದಕ್ಕೇ, ನನಗೆ ಗೊತ್ತು. ಆ ಹುಡುಗ ಹೇಳಿದ್ದರಲ್ಲಿ ಸುಳ್ಳೇನಿದೆ? ಸೋತೆವು. ಸೋತವರ ಹೆಣ ಹಗುರವಾಗಿರುತ್ತದೇನು? ದತ್ತಪ್ಪನಿಗೆ ಮಕ್ಕಳಿಲ್ಲ. ಅವನ ತಾಯಿ ಸಾಬವ್ವ ದಾರಿ ಕಾಯುತ್ತಲೇ ಹೋದಳು. ಈ ಭೂಮಿಯ ಮೇಲೆ ಅವನ ಹೆಸರಿಗೆ ಓ ಅನ್ನುವವನು ನೀನೊಬ್ಬ. ನೀನು ಆ ಕೋಣೆಯಲ್ಲಿ ಒಣಗಿ ಸತ್ತರೆ ಅವನು ಎರಡನೆಯ ಸಲ ಸಾಯುತ್ತಾನೆ. ಹಾರ ಬೇಕಿದ್ದರೆ ನಾನೇ ತಂದು ಹಾಕುತ್ತೇನೆ, ಬಾಡಿದ್ದು ಬೇಡ, ಚೆಂಡುಹೂವಿನದು.

ಈ ಕಾಗದವನ್ನು ಚಂದ್ರಾಮ ತರುತ್ತಾನೆ. ಬಾಗಿಲ ಸಂದಿಯಲ್ಲಿ ತೂರಿಸಿ ಅಲ್ಲೇ ಕೂರುತ್ತಾನೆ, ಓಡಿಸಬೇಡ. ಅವನು ಕುಡಿದು ಕುಡಿದು ಬಾವಿಯ ಕಟ್ಟೆ ಹತ್ತಿದ ವರ್ಷ ನೀನು ಆಳಂದಕ್ಕೆ ಹೋಗಿ ಬೇಸಿಗೆಯೆಲ್ಲ ಅವನ ಹೊಸ್ತಿಲಿಗೆ ಅಡ್ಡ ಮಲಗಿದ್ದೆ. "ನನ್ನ ಮನ್ಯಾಗ ನೀ ಯಾರಲೇ?" ಅಂತ ಅವನು ಬೈದರೆ "ಪಹರೆದವ. ಪಾಸ್‌ವರ್ಡ್ ಹೇಳಿ ಹೊರಗ ಹೋಗು" ಅಂದಿದ್ದೆ. ಆ ಮಾತಿಗೆ ನಕ್ಕವನು ಇಂದಿಗೂ ಬದುಕಿದ್ದಾನೆ. ನನಗೆ ಹಾಗೆ ನಗಿಸಲು ಬರುವುದಿಲ್ಲ ಪೀರಪ್ಪಾ. ನನಗೆ ಬೈಯಲು ಬರುತ್ತದೆ, ಅಷ್ಟೇ. ಬೈಗುಳ ಮುಗಿದ ಮೇಲೆ ಏನು ಮಾಡಬೇಕೋ ತಿಳಿಯದು. ನಿನ್ನ ಓಣಿಯಿಂದ ಬಸ್ಸಿಗೆ ನಡೆಯುವಾಗ ದಾರಿ ತಪ್ಪಿ ಯಾರದೋ ಕಣದಲ್ಲಿ ನಿಂತಿದ್ದೆ. ನಿನ್ನ ಕಾಲಿಗೆ ಬೀಳುತ್ತೇನೆ ಅಂತ ಬರೆಯಬೇಕೇ? ಬರೆದೆ, ಓದಿಕೋ. ಒಂದು ರೊಟ್ಟಿ ತಿನ್ನು. ಚಿಲಕ ತೆಗೆ.

ಗುಲಬರ್ಗಾಕ್ಕೆ ಬೇರೆ ಕೆಲಸಕ್ಕೆ ಬಂದಿದ್ದೇನೆ. ಇಲ್ಲದಿದ್ದರೆ ನಾನೇ ಬಂದು ಬಾಗಿಲು ಮುರಿಯುತ್ತಿದ್ದೆ.

ನಿನ್ನ ಜೊತೆ ಕೆಳಗಿಳಿದು ಬಂದವನು,
ದೌಲತರಾಯ

ತಾ.ಕ.: ಆ ಕೆಲಸ ಏನು ಅಂತ ಬರೆಯಬಾರದೆಂದಿದ್ದೆ. ಭಾನುವಾರ ಮುಂಜಾನೆ ಶರಫುದ್ದೀನ ನಿನ್ನ ಕ್ಷಮೆ ಕೇಳಲು ಹೊರಟ. ಜೇವರ್ಗಿಯಲ್ಲಿ ಯಡ್ರಾಮಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವನು ಹಿಂದಕ್ಕೆ ಬಿದ್ದ. ಇಲ್ಲಿ ದವಾಖಾನೆಯಲ್ಲಿದ್ದಾನೆ, ಲಕ್ವಾ ಹೊಡೆದು ಬಲಗಡೆ ಪೂರಾ ಬಿದ್ದುಹೋಗಿದೆ. ಅವನ ಮಂಚದ ಹತ್ತಿರ ಕೂತು ಇದನ್ನು ಬರೆಯುತ್ತಿದ್ದೇನೆ. ಅವನ ಬಾಯಿಂದ ನಿನ್ನ ಹೆಸರು ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಯಾರು ಒಳಗೆ ಬಂದರೂ ಬಾಗಿಲು ನೋಡಿ ನಿನ್ನ ಹೆಸರು ಕೂಗುತ್ತಾನೆ. ಕೂಗಿ, ಉತ್ತರಕ್ಕೆ ಕಾಯುತ್ತಾನೆ. ನಿನ್ನೆ ಪ್ಯಾರಿಬಿ ನನ್ನ ಕಾಲು ಹಿಡಿದು, "ನೀವರೆ ಹಾಜರ್ ಅನ್ರಿ ಭಾಯಿ, ಅವರಿಗೇನ್ ತಿಳೀತದ" ಅಂತ ಅತ್ತಳು. ನಾನು ಒಪ್ಪಲಿಲ್ಲ. ಬದುಕಿದವನ ಹೆಸರಿಗೆ ಬೇರೆಯವನು ಹಾಜರ್ ಅನ್ನುವುದು ಒಮ್ಮೆ ಆದದ್ದೇ ಸಾಕು. ಡಾಕ್ಟರು ಶನಿವಾರದ ಆಚೆಗಿನ ಮಾತು ಆಡುತ್ತಿಲ್ಲ. ಬರುತ್ತೀಯೋ ಇಲ್ಲವೋ, ಡಿಸೆಂಬರ್ ಐದು, ಶುಕ್ರವಾರ ಸಂಜೆಯೊಳಗೆ ನನಗೆ ಉತ್ತರ ಬೇಕು.